ಗಾಂಧೀಜಿ ಅಷ್ಟೆಲ್ಲಾ ನಡೆದರೂ ಬಿ.ಪಿ. ಏಕೆ ಬಂತು? ವಾಕಿಂಗ್ ಫಾರ್ವರ್ಡ್‌ನ ಹಿಂದಿನ ನಿಜ

ಬೆಳಗಿನ ವಾಕಿಂಗ್ ಮುಗಿಸಿ ಬಂದು, ಕಾಫಿ ಲೋಟ ಹಿಡಿದು ಮೊಬೈಲ್ ತೆರೆದರೆ ಯಾವುದಾದರೂ ಒಂದು ಗ್ರೂಪ್‌ನಲ್ಲಿ ಆ ಸಂದೇಶ ಕಾದಿರುತ್ತದೆ. ಕೋಲು ಹಿಡಿದು ದಾಪುಗಾಲು ಹಾಕುತ್ತಿರುವ ಗಾಂಧೀಜಿಯ ಫೋಟೊ, ಅದರ ಕೆಳಗೆ ಮೂರು ಮಾತು. ಗಾಂಧೀಜಿ 40 ವರ್ಷ ಕಾಲ ದಿನಕ್ಕೆ 18 ಕಿ.ಮೀ. ನಡೆದರು. ಒಟ್ಟು ನಡೆದದ್ದು 79,000 ಕಿ.ಮೀ., ಅಂದರೆ ಭೂಮಿಗೆ ಎರಡು ಸುತ್ತು. ಆದ್ದರಿಂದಲೇ ಅವರಿಗೆ ಯಾವ ಕಾಯಿಲೆಯೂ ಬರಲಿಲ್ಲ, ಮಾತ್ರೆಯೂ ಬೇಕಾಗಲಿಲ್ಲ. ಕೊನೆಗೊಂದು ಸಲಹೆ: ನೀವೂ ನಡೆಯಿರಿ, ಬಿ.ಪಿ. ಮಾತ್ರೆ ಬಿಸಾಕಿ.

ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ಓದುಗರು ಇದು ನಿಜವೇ ಎಂದು ನಮ್ಮನ್ನು ಕೇಳಿದ್ದಾರೆ. ಅವರಲ್ಲಿ ಒಬ್ಬರ ಪ್ರಶ್ನೆ ನಮ್ಮನ್ನು ತಡೆದು ನಿಲ್ಲಿಸಿತು. ಅವರ ತಂದೆ ಈ ಸಂದೇಶ ಓದಿ ಎರಡು ತಿಂಗಳಿಂದ ಮಾತ್ರೆ ಬಿಟ್ಟಿದ್ದಾರೆ. ದಿನಾ ತಪ್ಪದೆ ನಡೆಯುತ್ತಾರೆ, ನನಗೇನೂ ಆಗಿಲ್ಲ ಎನ್ನುತ್ತಾರೆ. ಹೀಗಾಗಿ ಇದನ್ನು ಸುಳ್ಳು ಅಥವಾ ನಿಜ ಎಂದು ಒಂದೇ ಮಾತಿನಲ್ಲಿ ಮುಗಿಸದೆ, ಗಾಂಧೀಜಿಯ ಬದುಕನ್ನು ಅವರ ಕಾಲುಗಳ ಕಡೆಯಿಂದ ಒಮ್ಮೆ ನೋಡೋಣ ಎಂದುಕೊಂಡೆವು. ಅವರ ಬದುಕಿನಲ್ಲಿ ಈ ಸಂದೇಶಕ್ಕೆ ಉತ್ತರ ಇದೆ. ಆ ಉತ್ತರದ ಒಂದು ಭಾಗ ನಮ್ಮ ಕಡೂರು ಸೀಮೆಗೂ ಬಂದು ಹೋಗಿದೆ.

ಆಟದ ಮೈದಾನಕ್ಕೆ ಹೋಗದ ಹುಡುಗ

ಮೋಹನದಾಸ ಗಾಂಧಿ ಹುಟ್ಟಿದ್ದು 1869ರ ಅಕ್ಟೋಬರ್ 2ರಂದು, ಗುಜರಾತಿನ ಪೋರಬಂದರಿನಲ್ಲಿ. ಓದಿದ್ದು ರಾಜಕೋಟೆಯಲ್ಲಿ. ಹುಡುಗ ಬಲು ಸಂಕೋಚದವನು. ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ಕಸರತ್ತು ಮತ್ತು ಕ್ರಿಕೆಟ್ ಕಡ್ಡಾಯ ಮಾಡಿದಾಗ ಅವನಿಗೆ ಎರಡೂ ಹಿಡಿಸಲಿಲ್ಲ. ಕಾಯಿಲೆ ಬಿದ್ದಿದ್ದ ತಂದೆಯ ಸೇವೆಗೆ ಮನೆಗೆ ಓಡುವುದೇ ಅವನಿಗೆ ಮುಖ್ಯವಾಗಿತ್ತು. ಆಟವನ್ನು ದೂರ ಇಟ್ಟದ್ದು ತಪ್ಪು ಎಂದು ಮುಂದೆ ದೊಡ್ಡವರಾದ ಮೇಲೆ ಅವರೇ ಆತ್ಮಕಥೆಯಲ್ಲಿ ಒಪ್ಪಿಕೊಂಡರು.

ಆದರೆ ಆ ವಯಸ್ಸಿನಲ್ಲೇ ಯಾವುದೋ ಪುಸ್ತಕದಲ್ಲಿ, ಬಯಲಿನ ಗಾಳಿಯಲ್ಲಿ ದೂರ ನಡೆಯುವುದು ಒಳ್ಳೆಯದು ಎಂದು ಓದಿದರು. ಅದು ಮನಸ್ಸಿಗೆ ಹಿಡಿಯಿತು. ನಡೆಯಲು ತಂಡ ಬೇಕಿಲ್ಲ, ಗೆಲ್ಲಬೇಕಿಲ್ಲ, ಯಾರೂ ನೋಡಿ ನಗುವುದಿಲ್ಲ. ತಮ್ಮ ಮೈಕಟ್ಟು ಸಾಕಷ್ಟು ಗಟ್ಟಿಯಾಗಿ ಉಳಿಯಲು ಆ ಅಭ್ಯಾಸವೇ ಕಾರಣ ಎಂಬುದು ಅವರ ನಂಬಿಕೆ.

ಇಲ್ಲಿ ನಮಗೊಂದು ಪಾಠವಿದೆ. ಜಿಮ್‌ಗೆ ಹೋಗಲು ನಾಚಿಕೆ, ಆಟ ಆಡುವ ವಯಸ್ಸಲ್ಲ, ಯೋಗ ಕಲಿಯಲು ಸಮಯವಿಲ್ಲ ಎನ್ನುವವರಿಗೂ ನಡಿಗೆ ಒಗ್ಗುತ್ತದೆ. ವ್ಯಾಯಾಮಗಳಲ್ಲಿ ಅತಿ ಸುಲಭವಾಗಿ ಶುರು ಮಾಡಬಹುದಾದದ್ದು ಇದೇ.

ಲಂಡನ್ನಿನಲ್ಲಿ ಗಾಡಿ ಬಾಡಿಗೆ ಉಳಿಸಿದ ಕಾಲು

1888ರಲ್ಲಿ, 19 ತುಂಬುವ ಹೊತ್ತಿಗೆ, ಬ್ಯಾರಿಸ್ಟರ್ ಓದಲು ಅವರು ಲಂಡನ್ನಿಗೆ ಹೋದರು. ಅಣ್ಣ ಕಳಿಸುವ ಹಣ ಬೇಗ ಕರಗುತ್ತಿತ್ತು. ಪೈಸೆ ಪೈಸೆ ಲೆಕ್ಕ ಬರೆದು ನೋಡಿದಾಗ ಗಾಡಿ ಬಾಡಿಗೆಗೇ ಸಾಕಷ್ಟು ಹೋಗುತ್ತಿರುವುದು ಕಂಡಿತು. ಕೆಲಸದ ಜಾಗಕ್ಕೆ ಅರ್ಧ ಗಂಟೆಯಲ್ಲಿ ನಡೆದು ತಲುಪುವಂಥ ಕಡೆ ಕೋಣೆ ಹಿಡಿದರು. ದಿನಕ್ಕೆ 8ರಿಂದ 10 ಮೈಲಿ, ಅಂದರೆ 13ರಿಂದ 16 ಕಿ.ಮೀ. ನಡೆಯುತ್ತಿದ್ದರು. ಆ ದಿನಗಳಲ್ಲಿ ಕಾಯಿಲೆ ಹೆಚ್ಚಾಗಿ ಹತ್ತಿರ ಸುಳಿಯಲಿಲ್ಲ ಎಂದೂ ಬರೆದಿದ್ದಾರೆ.

ಕಾಕತಾಳೀಯವೆಂದರೆ, ನಡಿಗೆ ಮತ್ತು ಹೃದಯದ ಸಂಬಂಧದ ಬಗ್ಗೆ ವಿಜ್ಞಾನದ ಮೊದಲ ದೊಡ್ಡ ಸುಳಿವು ಸಿಕ್ಕಿದ್ದೂ ಅದೇ ಲಂಡನ್ನಿನ ಬಸ್ಸುಗಳಲ್ಲಿ. 1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರು ಅಲ್ಲಿನ ಡಬಲ್ ಡೆಕ್ಕರ್ ಬಸ್ ಚಾಲಕರನ್ನೂ ಕಂಡಕ್ಟರ್‌ಗಳನ್ನೂ ಹೋಲಿಸಿದ ವರದಿ ಪ್ರಕಟಿಸಿದರು. ದಿನವಿಡೀ ಕೂತು ಬಸ್ ಓಡಿಸುವವರಿಗಿಂತ, ಮೇಲೂ ಕೆಳಗೂ ಹತ್ತಿಳಿದು ಟಿಕೆಟ್ ಕೊಡುವವರಲ್ಲಿ ಹೃದಯಾಘಾತ ಕಡಿಮೆ ಇತ್ತು. ಬಂದರೂ ಅಷ್ಟು ಮಾರಕವಾಗಿರಲಿಲ್ಲ.

ಮಾರಿಸ್ ಅಲ್ಲಿಗೇ ನಿಲ್ಲಲಿಲ್ಲ. ಚಾಲಕರು ಮೊದಲಿನಿಂದಲೇ ದಪ್ಪಗಿದ್ದರೇ ಎಂದು ತಿಳಿಯಲು ಅವರ ಸಮವಸ್ತ್ರದ ಪ್ಯಾಂಟಿನ ಸೊಂಟದ ಅಳತೆ ತರಿಸಿ ನೋಡಿದರು. ಚಾಲಕರ ಸೊಂಟ ನಿಜಕ್ಕೂ ದೊಡ್ಡದಿತ್ತು. ಅಂದರೆ ವ್ಯತ್ಯಾಸದ ಎಲ್ಲ ಪುಣ್ಯವನ್ನೂ ಮೆಟ್ಟಿಲಿಗೇ ಕೊಡುವಂತಿರಲಿಲ್ಲ. ಒಳ್ಳೆಯ ವಿಜ್ಞಾನ ತನ್ನ ಮಾತನ್ನೇ ಹೀಗೆ ಅನುಮಾನಿಸುತ್ತದೆ. ಫಾರ್ವರ್ಡ್‌ಗಳಿಗೆ ಇಲ್ಲದಿರುವುದು ಈ ಗುಣವೇ. ಆಮೇಲಿನ ಹತ್ತಾರು ವರ್ಷಗಳಲ್ಲಿ ಬೇರೆ ಬೇರೆ ದೇಶಗಳ ಅಧ್ಯಯನಗಳೂ ಅದೇ ದಿಕ್ಕನ್ನು ತೋರಿಸಿದವು. ಹಾಗಾಗಿ ನಡಿಗೆ ಹೃದಯಕ್ಕೆ ಒಳ್ಳೆಯದು ಎಂಬ ಮಾತು ಇಂದು ಗಟ್ಟಿಯಾಗಿ ನಿಂತಿದೆ.

ಫುಟ್‌ಪಾತ್ ಮೇಲೆ ಬಿದ್ದ ಒದೆ

1893ರಲ್ಲಿ ವಕೀಲಿ ಕೆಲಸಕ್ಕೆ ಗಾಂಧೀಜಿ ದಕ್ಷಿಣ ಆಫ್ರಿಕಾಕ್ಕೆ ಹೋದರು. ಪ್ರಿಟೋರಿಯಾದಲ್ಲಿ ದಿನಾ ವಾಕಿಂಗ್ ಹೋಗುವ ದಾರಿಯಲ್ಲಿ ಅಧ್ಯಕ್ಷ ಕ್ರೂಗರ್ ಅವರ ಮನೆ ಇತ್ತು. ಆಗ ಅಲ್ಲಿ ಭಾರತೀಯರು ಫುಟ್‌ಪಾತ್ ಮೇಲೆ ನಡೆಯುವಂತಿರಲಿಲ್ಲ. ಒಂದು ದಿನ ಕಾವಲಿನ ಸಿಪಾಯಿ ಮಾತೂ ಆಡದೆ ಅವರನ್ನು ನೂಕಿ, ಒದ್ದು ರಸ್ತೆಗೆ ಇಳಿಸಿದ. ಕುದುರೆ ಮೇಲೆ ಹೋಗುತ್ತಿದ್ದ ಒಬ್ಬ ಬಿಳಿಯ ಗೆಳೆಯ ಅದನ್ನು ಕಂಡು, ಮೊಕದ್ದಮೆ ಹಾಕಿ, ನಾನು ಸಾಕ್ಷಿ ಹೇಳುತ್ತೇನೆ ಎಂದ. ಗಾಂಧೀಜಿ ಒಪ್ಪಲಿಲ್ಲ. ಆದರೆ ಆ ದಾರಿಯಲ್ಲಿ ಮತ್ತೆ ವಾಕಿಂಗ್ ಹೋಗಲಿಲ್ಲ.

ನಡಿಗೆ ಬರೀ ಸಂಕಲ್ಪದ ಪ್ರಶ್ನೆಯಲ್ಲ, ನಡೆಯಲು ಜಾಗವೂ ಬೇಕು ಎಂಬುದನ್ನು ಈ ಘಟನೆ ನೆನಪಿಸುತ್ತದೆ. ಇವತ್ತು ಯಾರೂ ಒದ್ದು ಇಳಿಸುವುದಿಲ್ಲ. ಆದರೆ ಫುಟ್‌ಪಾತ್ ಮೇಲೆ ಬೈಕು, ತರಕಾರಿ ಗಾಡಿ, ಮರಳಿನ ರಾಶಿ ಇದ್ದರೆ ಅಜ್ಜಿ ರಸ್ತೆಗೆ ಇಳಿಯಲೇಬೇಕು.

ದಕ್ಷಿಣ ಆಫ್ರಿಕಾದ 21 ವರ್ಷಗಳಲ್ಲಿ ಅವರ ನಡಿಗೆ ಬೆಳೆಯುತ್ತಾ ಹೋಯಿತು. ಬೋಯರ್ ಯುದ್ಧದಲ್ಲಿ ಗಾಯಾಳುಗಳನ್ನು ಸ್ಟ್ರೆಚರ್ ಮೇಲೆ ಹೊತ್ತು ದಿನಕ್ಕೆ 20ರಿಂದ 25 ಮೈಲಿ ನಡೆದ ದಿನಗಳಿದ್ದವು. 1910ರಲ್ಲಿ ಶುರುವಾದ ಟಾಲ್‌ಸ್ಟಾಯ್ ಫಾರ್ಮ್ ಜೊಹಾನ್ಸ್‌ಬರ್ಗ್‌ನಿಂದ 21 ಮೈಲಿ ದೂರ. ಸ್ವಂತ ಕೆಲಸಕ್ಕೆ ಪೇಟೆಗೆ ಹೋಗುವವರು ನಡೆದೇ ಹೋಗಬೇಕೆಂಬ ನಿಯಮ ಅಲ್ಲಿತ್ತು. ರಾತ್ರಿ 2 ಗಂಟೆಗೆ ಎದ್ದು ಹೊರಡುತ್ತಿದ್ದರು. 1913ರ ನವೆಂಬರ್‌ನಲ್ಲಿ 2,037 ಗಂಡಸರು, 127 ಹೆಂಗಸರು, 57 ಮಕ್ಕಳು ಅವರ ಜೊತೆ ಟ್ರಾನ್ಸ್‌ವಾಲ್ ಗಡಿ ದಾಟಿ ನಡೆದರು. ನಡಿಗೆ ಅಲ್ಲಿಂದ ಹೋರಾಟದ ಸಾಧನವೂ ಆಯಿತು.

ಕಾಯಿಲೆಯೇ ಬರಲಿಲ್ಲ ಎಂಬುದು ಸುಳ್ಳು

ಈಗ ಫಾರ್ವರ್ಡ್‌ನ ಮುಖ್ಯ ಮಾತಿಗೆ ಬರೋಣ. 1918ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಗಾಂಧೀಜಿ ಹಳ್ಳಿ ಹಳ್ಳಿ ಸುತ್ತುತ್ತಿದ್ದರು. ದಿನಕ್ಕೆ ಹತ್ತಿರ ಹತ್ತಿರ 20 ಮೈಲಿ ನಡಿಗೆ. ಊಟ ಎಂದರೆ ಹುರಿದು ಅರೆದ ಕಡಲೆಕಾಯಿ, ನಿಂಬೆಹಣ್ಣು. ಕೊನೆಗೆ ಆಮಶಂಕೆ ಹಿಡಿದು ಹಾಸಿಗೆ ಸೇರಿದರು. ಬದುಕುವ ಆಸೆಯನ್ನೇ ಬಿಡುವಷ್ಟು ಸೋತರು. ಹಾಲು ಕುಡಿಯುವುದಿಲ್ಲ ಎಂದು ವ್ರತ ಹಿಡಿದಿದ್ದವರು ಆಡಿನ ಹಾಲಿಗೆ ಒಪ್ಪಿದ್ದು ಈ ಕಾಯಿಲೆಯ ನಂತರವೇ.

1924ರ ಜನವರಿಯಲ್ಲಿ, ಯರವಡಾ ಜೈಲಿನಲ್ಲಿದ್ದಾಗ, ಅಪೆಂಡಿಸೈಟಿಸ್ ಆಗಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಮಾಡಿದವರು ಬ್ರಿಟಿಷ್ ಸರ್ಜನ್ ಕರ್ನಲ್ ಮ್ಯಾಡಾಕ್. ಆಧುನಿಕ ವೈದ್ಯವನ್ನು ಕಟುವಾಗಿ ಟೀಕಿಸುತ್ತಿದ್ದ ಗಾಂಧೀಜಿ ಆ ದಿನ ಚಾಕುವಿಗೆ ಮೈ ಒಡ್ಡಿದರು, ಉಳಿದರು. ಮುಂದೆ ಮಲೇರಿಯಾವೂ ಒಂದಕ್ಕಿಂತ ಹೆಚ್ಚು ಸಲ ಬಂತು.

ಎಷ್ಟು ನಡೆದರೂ ಕಲುಷಿತ ನೀರಿನಿಂದ ಬರುವ ಭೇದಿ, ಸೊಳ್ಳೆ ತರುವ ಜ್ವರ, ಊದಿಕೊಂಡ ಅಪೆಂಡಿಕ್ಸ್ ನಿಲ್ಲುವುದಿಲ್ಲ. ನಡಿಗೆ ಕೆಲವು ಕಾಯಿಲೆಗಳ ಅಪಾಯ ಕಡಿಮೆ ಮಾಡುತ್ತದೆ, ಎಲ್ಲವನ್ನೂ ಅಲ್ಲ.

1927: ಕಡೂರು ಜಿಲ್ಲೆಗೆ ಬಂದ ಬಿ.ಪಿ. ರೋಗಿ

1927ರ ಮಾರ್ಚ್ ಕೊನೆ. ಖಾದಿ ಪ್ರವಾಸದಲ್ಲಿದ್ದ ಗಾಂಧೀಜಿ ಕೊಲ್ಹಾಪುರ, ನಿಪ್ಪಾಣಿ ಕಡೆ ಕುಸಿದರು. ವಯಸ್ಸು 57. ಪರೀಕ್ಷಿಸಿದ ವೈದ್ಯರು ರಕ್ತದೊತ್ತಡ ಏರಿದೆ, ಕೆಲಸ ನಿಲ್ಲಿಸದಿದ್ದರೆ ಲಕ್ವ ಹೊಡೆಯುವ ಭಯವಿದೆ ಎಂದರು. ವಿಶ್ರಾಂತಿಗೆ ಆರಿಸಿದ ಜಾಗ ಮೈಸೂರು ಸಂಸ್ಥಾನದ ನಂದಿಬೆಟ್ಟ. ಏಪ್ರಿಲ್ 20ರಿಂದ ಜೂನ್ 5ರವರೆಗೆ, ಒಂದೂವರೆ ತಿಂಗಳು, ಅವರು ಅಲ್ಲಿದ್ದರು. ಆಮೇಲೆ ಬೆಂಗಳೂರಿನ ಕುಮಾರಕೃಪಾದ ಬಳಿ ಉಳಿದು ನಿಧಾನವಾಗಿ ಚೇತರಿಸಿಕೊಂಡರು.

ಸ್ವಲ್ಪ ಸುಧಾರಿಸಿದ ಮೇಲೆ ಸಂಸ್ಥಾನದ ಊರುಗಳ ಪ್ರವಾಸ ಶುರುವಾಯಿತು. 1927ರ ಆಗಸ್ಟ್‌ನಲ್ಲಿ ದಾವಣಗೆರೆ, ಶಿವಮೊಗ್ಗ, ಭದ್ರಾವತಿ, ಚಿಕ್ಕಮಗಳೂರು ಕಡೆ ಬಂದರು. ಆಗ ಚಿಕ್ಕಮಗಳೂರು ಜಿಲ್ಲೆ ಎಂಬ ಹೆಸರು ಇರಲಿಲ್ಲ. 1947ರವರೆಗೂ ಅದು ಕಡೂರು ಜಿಲ್ಲೆ. ತರೀಕೆರೆ, ಅಜ್ಜಂಪುರ ಎಲ್ಲವೂ ಅದರೊಳಗೇ. ಅಂದರೆ ಗಾಂಧೀಜಿ ಕಡೂರು ಜಿಲ್ಲೆಗೆ ಕಾಲಿಟ್ಟಾಗ ಅವರು ಬಿ.ಪಿ. ಇರುವ, ವೈದ್ಯರ ಮಾತು ಕೇಳಿ ತಿಂಗಳುಗಟ್ಟಲೆ ವಿಶ್ರಾಂತಿ ಪಡೆದು ಬಂದಿದ್ದ ರೋಗಿ.

ಅವರು ನೋಡಿದ ಭದ್ರಾವತಿ ಕಬ್ಬಿಣದ ಕಾರ್ಖಾನೆಗೆ ಅದಿರು ಬರುತ್ತಿದ್ದದ್ದು ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ. ಆಗ ಅದರ ಮಂಡಳಿಯ ಅಧ್ಯಕ್ಷರು ಸರ್ ಎಂ. ವಿಶ್ವೇಶ್ವರಯ್ಯ. ಅವರೂ ದಿನಾ ನಡೆಯುತ್ತಿದ್ದವರೇ, ನೂರು ವರ್ಷ ದಾಟಿ 1962ರಲ್ಲಿ ತೀರಿಕೊಂಡರು. ವಾಕಿಂಗ್ ಫಾರ್ವರ್ಡ್‌ಗಳಲ್ಲಿ ಹೆಚ್ಚು ಕಾಣುವ ಹೆಸರುಗಳು ಇವೆರಡೇ. ಇಬ್ಬರೂ ಮಿತಾಹಾರಿಗಳು, ಇಬ್ಬರೂ ನಡೆದವರು. ಆದರೂ ಒಬ್ಬರಿಗೆ 57ಕ್ಕೇ ಬಿ.ಪಿ. ಹಿಡಿಯಿತು. ಬಿ.ಪಿ.ಯಲ್ಲಿ ವಂಶದ ಪಾಲಿದೆ, ವಯಸ್ಸಿನ ಪಾಲಿದೆ, ಉಪ್ಪು, ನಿದ್ದೆ, ಕೆಲಸದ ಒತ್ತಡ ಎಲ್ಲದರ ಪಾಲೂ ಇದೆ. ಒಬ್ಬ ಮಹಾಪುರುಷನ ಉದಾಹರಣೆ ತೋರಿಸಿ ಎಲ್ಲರಿಗೂ ಒಂದೇ ಔಷಧಿ ಹೇಳಲು ಆಗದಿರುವುದು ಇದಕ್ಕೇ.

ಗಾಂಧೀಜಿಯ ಬಿ.ಪಿ. ಆಮೇಲೂ ಬಿಡಲಿಲ್ಲ. 1936ರ ಮೇ ತಿಂಗಳಲ್ಲಿ ಮತ್ತೆ ವಿಶ್ರಾಂತಿಗೆ ನಂದಿಬೆಟ್ಟಕ್ಕೇ ಬಂದರು. 2019ರಲ್ಲಿ, ಗಾಂಧೀಜಿಯ 150ನೇ ಜಯಂತಿಯ ವರ್ಷ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪತ್ರಿಕೆ ಅವರ ಆರೋಗ್ಯದ ಬಗ್ಗೆ ವಿಶೇಷ ಸಂಚಿಕೆ ತಂದಿತು. ಅದರಲ್ಲಿನ ದಾಖಲೆ ಪ್ರಕಾರ 1937ರ ಅಕ್ಟೋಬರ್ 26ರಂದು ಅವರ ಬಿ.ಪಿ. 194/130. 1940ರ ಫೆಬ್ರವರಿ 19ರಂದು 220/110. ಇಂದು ಈ ಅಂಕಿ ಕಂಡರೆ ಯಾವ ವೈದ್ಯರೂ ಸುಮ್ಮನೆ ಮನೆಗೆ ಕಳಿಸುವುದಿಲ್ಲ. ದಪ್ಪಗಿದ್ದದ್ದರಿಂದ ಬಂತೇ? ಅದೂ ಅಲ್ಲ. ಅದೇ ದಾಖಲೆಗಳಲ್ಲಿ ಅವರ ತೂಕ 46.7 ಕಿಲೋ, ಎತ್ತರ 165 ಸೆಂ.ಮೀ. ಅಂದರೆ ಇರಬೇಕಾದದ್ದಕ್ಕಿಂತ ಕಡಿಮೆ ತೂಕ. ಸಣ್ಣಗಿದ್ದೇನೆ, ನನಗೆಲ್ಲಿಯ ಬಿ.ಪಿ. ಎನ್ನುವವರು ಇದನ್ನು ಗಮನಿಸಬೇಕು.

ಹಾಗಾದರೆ ಅವರು ಮಾತ್ರೆ ಏಕೆ ತಿನ್ನಲಿಲ್ಲ? ಇಂದು ನಾವು ನುಂಗುವಂಥ ಬಿ.ಪಿ. ಮಾತ್ರೆಗಳು ಆಗ ಇರಲೇ ಇಲ್ಲ. ಸರ್ಪಗಂಧದ ಬೇರಿನಿಂದ ರಿಸರ್ಪಿನ್ ಎಂಬ ಅಂಶವನ್ನು ಬೇರ್ಪಡಿಸಿದ್ದು 1952ರಲ್ಲಿ. ಇಂದಿಗೂ ಬಳಕೆಯಲ್ಲಿರುವ ಥಯಜೈಡ್ ಗುಂಪಿನ ಮಾತ್ರೆ ಬಂದದ್ದು 1950ರ ದಶಕದ ಕೊನೆಗೆ. ಗಾಂಧೀಜಿ ತೀರಿಕೊಂಡದ್ದು 1948ರಲ್ಲಿ.

18 ಕಿ.ಮೀ. ಮತ್ತು 79,000 ಕಿ.ಮೀ.: ಲೆಕ್ಕ ಕೂಡುವುದಿಲ್ಲ

ಈ ಎರಡೂ ಅಂಕಿ 2019ರ ಆ ಸಂಚಿಕೆ ಸುದ್ದಿಯಾದ ಹೊತ್ತಿನಿಂದ ಜೋಡಿಯಾಗಿ ಓಡಾಡುತ್ತಿವೆ. ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದು ನೀವೇ ನೋಡಿ. ದಿನಕ್ಕೆ 18 ಕಿ.ಮೀ.ನಂತೆ 40 ವರ್ಷ ಎಂದರೆ 2,62,800 ಕಿ.ಮೀ. ಅದು ಭೂಮಿಗೆ ಎರಡಲ್ಲ, ಆರೂವರೆ ಸುತ್ತು. ಇನ್ನು 1913ರಿಂದ 1948ರವರೆಗಿನ ಹೋರಾಟದ 35 ವರ್ಷಗಳಲ್ಲಿ 79,000 ಕಿ.ಮೀ. ಎಂದು ಹಿಡಿದರೆ, ದಿನಕ್ಕೆ ಸಿಗುವುದು ಸುಮಾರು 6.2 ಕಿ.ಮೀ. ಮಾತ್ರ. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ.

ಆರು ಕಿ.ಮೀ. ಎಂದರೆ ಹೆಚ್ಚುಕಡಿಮೆ ಕಡೂರಿನಿಂದ ಬೀರೂರಿನಷ್ಟು ದೂರ. ಜೈಲು, ಉಪವಾಸ, ಕಾಯಿಲೆ, ರೈಲು ಪ್ರಯಾಣ ಎಲ್ಲದರ ನಡುವೆ ಸರಾಸರಿ ಅಷ್ಟು ನಡೆದಿದ್ದರೂ ಅದು ಸಣ್ಣ ಮಾತಲ್ಲ. ನಮಗೆ ಮುಖ್ಯವಾದ ವಿಷಯ ಬೇರೆ. 18 ಕಿ.ಮೀ. ಎಂದು ಓದಿದವರು, ನಮ್ಮ ಕೈಲಾಗದ ಕೆಲಸ ಎಂದು ಕೂತಲ್ಲೇ ಕೂರುತ್ತಾರೆ. ಅಷ್ಟು ಬೇಕಾಗಿಯೂ ಇಲ್ಲ.

10,000 ಹೆಜ್ಜೆಯ ಕಥೆಯೂ ಇಂಥದ್ದೇ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಸಾಧನ ಮಾರಲು ಅದಕ್ಕೆ ಹತ್ತು ಸಾವಿರ ಹೆಜ್ಜೆಯ ಮಾಪಕ ಎಂಬರ್ಥದ ಹೆಸರಿಟ್ಟಿತು. ಅಂಕಿ ಹುಟ್ಟಿದ್ದು ಪ್ರಯೋಗಾಲಯದಲ್ಲಲ್ಲ, ಮಾರಾಟಕ್ಕೆ. 2019ರಲ್ಲಿ ಅಮೆರಿಕದ 16,741 ಹಿರಿಯ ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ, ದಿನಕ್ಕೆ 2,700 ಹೆಜ್ಜೆ ಇಡುವವರಿಗಿಂತ 4,400 ಹೆಜ್ಜೆ ಇಡುವವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆ ಇತ್ತು. ಸುಮಾರು 7,500 ಹೆಜ್ಜೆಯ ನಂತರ ಹೆಚ್ಚಿನ ಲಾಭ ಕಾಣಲಿಲ್ಲ.

ನಡಿಗೆ ಬಿ.ಪಿ.ಗೆ ಎಷ್ಟು ಸಹಾಯ ಮಾಡುತ್ತದೆ?

ಖಂಡಿತ ಮಾಡುತ್ತದೆ. ನಡೆಯುವಾಗ ರಕ್ತ ರಭಸದಿಂದ ಹರಿದು ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ವಸ್ತುವನ್ನು ಬಿಡುಗಡೆ ಮಾಡುತ್ತದೆ. ಅದರಿಂದ ನಾಳ ಸಡಿಲವಾಗುತ್ತದೆ. ಮೀನಖಂಡದ ಸ್ನಾಯು ಹಿಂಡಿದಂತೆಲ್ಲ ಕಾಲಿನ ರಕ್ತ ಮೇಲಕ್ಕೆ ಹೋಗುತ್ತದೆ. ಸ್ನಾಯುಗಳು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಿಧಾನವಾಗಿ ನಡೆಯುವುದು ಶುಗರ್ ಇರುವವರಿಗೆ ಒಳ್ಳೆಯದು ಎನ್ನುವುದು ಈ ಕಾರಣಕ್ಕೇ.

ಆದರೆ ಎಷ್ಟು? 2021ರಲ್ಲಿ ಕಾಕ್ರೇನ್ ಸಂಸ್ಥೆ 73 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿತು. ನಡಿಗೆಯಿಂದ ಮೇಲಿನ ಬಿ.ಪಿ. ಸರಾಸರಿ 4 ಅಂಕ ಇಳಿಯುತ್ತದೆ ಎಂದು ಕಂಡಿತು. 138 ಇದ್ದವರಿಗೆ 134 ಆಗಬಹುದು. ಊರಿನ ಎಲ್ಲರಿಗೂ ನಾಲ್ಕು ಅಂಕ ಇಳಿದರೆ ಎಷ್ಟೋ ಲಕ್ವ, ಹೃದಯಾಘಾತ ತಪ್ಪುತ್ತದೆ. ಆದರೆ 180 ಇರುವ ಒಬ್ಬ ವ್ಯಕ್ತಿಗೆ ಅದು 176 ಅಷ್ಟೇ. ಗಾಂಧೀಜಿಯ 220ಕ್ಕೆ ನಡಿಗೆಯೊಂದೇ ಸಾಲಲಿಲ್ಲ, ನಿಮ್ಮ ತಂದೆಯ 180ಕ್ಕೂ ಸಾಲುವುದಿಲ್ಲ.

ಮಾತ್ರೆ ಬಿಟ್ಟರೂ ಏನೂ ಆಗಿಲ್ಲ ಎನ್ನುವುದು ದೊಡ್ಡ ಮೋಸ. ಬಿ.ಪಿ. ಏರಿದ್ದು ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ತಲೆನೋವು, ಸುತ್ತು ಏನೂ ಇಲ್ಲದೆಯೇ ಅದು ಮಿದುಳು, ಹೃದಯ, ಮೂತ್ರಪಿಂಡಗಳನ್ನು ವರ್ಷಗಟ್ಟಲೆ ಸವೆಸುತ್ತದೆ. ಕೆಲವು ಮಾತ್ರೆಗಳನ್ನು ಏಕಾಏಕಿ ನಿಲ್ಲಿಸಿದರೆ ಬಿ.ಪಿ. ಮೊದಲಿಗಿಂತಲೂ ಮೇಲೇರಬಹುದು. ನಿಯಮಿತವಾಗಿ ನಡೆದು, ಉಪ್ಪು ಇಳಿಸಿ, ಬಿ.ಪಿ. ಹತೋಟಿಗೆ ಬಂದರೆ ಮಾತ್ರೆಯ ಪ್ರಮಾಣ ಕಡಿಮೆ ಮಾಡಲು ಸಾಧ್ಯ. ಆದರೆ ಅದನ್ನು ಹೇಳಬೇಕಾದವರು ನಿಮ್ಮ ವೈದ್ಯರು.

ದಂಡಿ, ನೌಖಾಲಿ: ವಯಸ್ಸಿಗೆ ತಕ್ಕ ಹೆಜ್ಜೆ

1930ರ ಮಾರ್ಚ್ 12ರಂದು ಗಾಂಧೀಜಿ ಸಾಬರಮತಿಯಿಂದ ದಂಡಿಗೆ ಹೊರಟರು. ವಯಸ್ಸು 60. ದೂರ ಸುಮಾರು 385 ಕಿ.ಮೀ. ನಮ್ಮ ಲೆಕ್ಕದಲ್ಲಿ ಕಡೂರಿನಿಂದ ಬೆಂಗಳೂರಿಗೆ ನಡೆದು ಹೋಗಿ, ತಿರುಗಿ ಅರಸೀಕೆರೆಯ ಹತ್ತಿರ ಬಂದಷ್ಟು. ಜೊತೆಗೆ 78 ಜನ. ಅವರಲ್ಲಿ ಕನ್ನಡನಾಡಿನ ಯುವಕ, ಹಾವೇರಿ ಸೀಮೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಕೂಡ ಇದ್ದರು. 24 ದಿನದ ಈ ನಡಿಗೆಯಲ್ಲಿ ಸರಾಸರಿ ದಿನಕ್ಕೆ 16 ಕಿ.ಮೀ. ಆದರೆ ಒಂದೇ ಓಟದಲ್ಲಲ್ಲ. ಬೆಳಗ್ಗೆ ಒಂದು ಭಾಗ, ಸಂಜೆ ಒಂದು ಭಾಗ, ಸೋಮವಾರ ಮೌನ ಮತ್ತು ವಿಶ್ರಾಂತಿ. ನೆನಪಿಡಿ, ಅದಕ್ಕೆ ಮೊದಲು ಅವರು ನಲವತ್ತು ವರ್ಷಕ್ಕೂ ಹೆಚ್ಚು ನಡೆದವರು. ಹೊಸದಾಗಿ ಶುರು ಮಾಡುವವರು ಮೊದಲ ದಿನವೇ ಹತ್ತು ಕಿ.ಮೀ. ಹೊರಟರೆ ಮಂಡಿ ಹಿಡಿದು ಕೂರಬೇಕಾದೀತು.

1947ರ ಆರಂಭದಲ್ಲಿ, ಕೋಮುಗಲಭೆಯಿಂದ ಬೆಂದಿದ್ದ ಬಂಗಾಳದ ನೌಖಾಲಿಯಲ್ಲಿ, 77 ವರ್ಷದ ಗಾಂಧೀಜಿ ಏಳು ವಾರಗಳಲ್ಲಿ 47 ಹಳ್ಳಿಗಳಿಗೆ 116 ಮೈಲಿ ನಡೆದರು. ಲೆಕ್ಕ ಹಾಕಿದರೆ ದಿನಕ್ಕೆ ನಾಲ್ಕು ಕಿ.ಮೀ.ಗಿಂತ ಸ್ವಲ್ಪ ಕಡಿಮೆ. ವಯಸ್ಸಾದಂತೆ ದೂರ ಇಳಿದಿತ್ತು, ನಡಿಗೆ ನಿಂತಿರಲಿಲ್ಲ.

ಅಲ್ಲಿ ಅವರು ನಡೆದದ್ದು ಬರಿಗಾಲಲ್ಲಿ. ಆ ಫೋಟೊ ಹಾಕಿ, ಬರಿಗಾಲಲ್ಲಿ ಇಬ್ಬನಿ ಹುಲ್ಲಿನ ಮೇಲೆ ನಡೆದರೆ ಕನ್ನಡಕ ಬೇಡ ಎಂದು ಬರೆದ ಸಂದೇಶಗಳೂ ಇವೆ. ಗಾಂಧೀಜಿಗೆ ಅದು ಆರೋಗ್ಯದ ಉಪಾಯವಾಗಿರಲಿಲ್ಲ, ನೊಂದವರ ನಡುವಿನ ಯಾತ್ರೆಯಾಗಿತ್ತು. ಕನ್ನಡಕವನ್ನಂತೂ ಅವರು ಕೊನೆಯವರೆಗೂ ಹಾಕಿದ್ದರು. ಶುಗರ್‌ನಿಂದ ಪಾದದ ಸ್ಪರ್ಶ ಮಂದವಾದವರು ಬರಿಗಾಲಲ್ಲಿ ನಡೆಯಲೇಬಾರದು. ಒಂದು ಜಾಲಿಮುಳ್ಳು ಗೊತ್ತಾಗದೆ ಹೊಕ್ಕು ಹುಣ್ಣಾದರೆ ಬೆರಳು ತೆಗೆಯುವ ಸ್ಥಿತಿ ಬರಬಹುದು.

ಮನಸ್ಸಿಗೆ ಸಿಗುವುದೇನು?

ಆಶ್ರಮದಲ್ಲಿದ್ದರೂ ಜೈಲಿನಲ್ಲಿದ್ದರೂ ಬೆಳಗ್ಗೆ ಸಂಜೆ ನಡೆಯುವುದನ್ನು ಗಾಂಧೀಜಿ ಆದಷ್ಟೂ ಬಿಡುತ್ತಿರಲಿಲ್ಲ. ನಡೆಯುತ್ತಲೇ ಜನರೊಂದಿಗೆ ಮಾತು, ಮಕ್ಕಳೊಂದಿಗೆ ನಗು. ಇದರ ಲಾಭವನ್ನು ಈಗ ಅಳೆಯಲಾಗಿದೆ. 2022ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದರ ಪ್ರಕಾರ, ವಾರಕ್ಕೆ ಎರಡೂವರೆ ಗಂಟೆ ಚುರುಕಾಗಿ ನಡೆಯುವಷ್ಟು ಚಟುವಟಿಕೆ ಇರುವವರಲ್ಲಿ ಖಿನ್ನತೆಯ ಅಪಾಯ ಏನೂ ಮಾಡದವರಿಗಿಂತ ಸುಮಾರು 25% ಕಡಿಮೆ. ಅದರಲ್ಲಿ ಅರ್ಧ ಮಾಡಿದವರಲ್ಲೂ 18% ಕಡಿಮೆ. 2011ರಲ್ಲಿ 120 ಹಿರಿಯರ ಮೇಲೆ ಒಂದು ವರ್ಷ ನಡೆದ ಪ್ರಯೋಗದಲ್ಲಿ, ವಾರಕ್ಕೆ ಮೂರು ದಿನ 40 ನಿಮಿಷ ನಡೆದವರ ಮಿದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಭಾಗ ಸುಮಾರು 2% ಹಿಗ್ಗಿತ್ತು.

ಇಲ್ಲೂ ಅದೇ ಎಚ್ಚರಿಕೆ. ನಿದ್ದೆ, ಊಟ ಬಿಟ್ಟು ಮಂಕಾಗಿ ಕೂತವರಿಗೆ ಎದ್ದು ವಾಕಿಂಗ್ ಹೋಗು, ಸರಿಯಾಗುತ್ತದೆ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳಬೇಡಿ. ಜೊತೆಗೆ ನಡೆಯಿರಿ, ವೈದ್ಯರ ಹತ್ತಿರ ಕರೆದುಕೊಂಡೂ ಹೋಗಿ.

ಕಡೂರು, ತರೀಕೆರೆ, ಅಜ್ಜಂಪುರದಲ್ಲಿ ನಡೆಯುವವರಿಗೆ

ಅಮೃತ ಮಹಲ್ ರಾಸುಗಳನ್ನು ಕಂಡ ಅಜ್ಜಂಪುರದವರಿಗೆ ನಡಿಗೆಯ ಬೆಲೆ ಹೇಳಬೇಕಾಗಿಲ್ಲ. ಹೈದರ್, ಟಿಪ್ಪು ಕಾಲದಲ್ಲಿ ಸೈನ್ಯದ ಸರಂಜಾಮು ಎಳೆದು ಹೆಸರಾದ ತಳಿ ಅದು. ನಮಗೆ ಅಷ್ಟು ಬೇಡ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ನಡೆದರೂ ಸಾಕು. ಹತ್ತತ್ತು ನಿಮಿಷ ಮೂರು ಸಲವೂ ಆಗಬಹುದು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಸರಿಯಾದ ವೇಗ.

ತೋಟದಲ್ಲಿ, ಹೊಲದಲ್ಲಿ ದಿನವಿಡೀ ಓಡಾಡಿ ದುಡಿಯುವವರಿಗೆ ಬೇರೆ ವಾಕಿಂಗ್ ಅಷ್ಟು ಮುಖ್ಯವಲ್ಲ. ಆದರೆ ಅಡಿಕೆ ಸುಲಿಯುತ್ತಾ ಗಂಟೆಗಟ್ಟಲೆ ಕೂರುವವರು, ಅಂಗಡಿ ಗಲ್ಲಾದ ಮೇಲೆ ಕೂರುವವರು ನಡುನಡುವೆ ಎದ್ದು ಓಡಾಡಲೇಬೇಕು. ಬೇಸಿಗೆಯಲ್ಲಿ ಕಡೂರು, ಅಜ್ಜಂಪುರದ ಬಯಲು ಬೇಗ ಕಾಯುತ್ತದೆ. ಬಿಸಿಲೇರುವ ಮೊದಲೇ ಮುಗಿಸಿ. ಬೆಂಗಳೂರು–ಹೊನ್ನಾವರ ಹೆದ್ದಾರಿಯ ಅಂಚಿನಲ್ಲಿ ನಸುಕಿನಲ್ಲಿ ನಡೆಯಬೇಡಿ. ಶಾಲೆ, ಕಾಲೇಜಿನ ಮೈದಾನ ವಾಸಿ. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ನಡೆಯಲೇಬೇಕಾದರೆ ಬಲಗಡೆ, ಎದುರಿನ ವಾಹನ ಕಾಣುವಂತೆ, ತಿಳಿಬಣ್ಣದ ಬಟ್ಟೆ ಹಾಕಿ ನಡೆಯಿರಿ.

ನಡೆಯುವಾಗ ಎದೆ ಹಿಡಿದುಕೊಂಡು, ನಿಂತರೆ ಬಿಡುವಂತಿದ್ದರೆ ಅದನ್ನು ಗ್ಯಾಸ್ ಎಂದು ತಳ್ಳಿಹಾಕದೆ ಅಂದೇ ವೈದ್ಯರನ್ನು ಕಾಣಿ. ಬಾಯಿ ಒಂದು ಕಡೆ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ: ಅರ್ಧ ಸತ್ಯ

1948ರ ಜನವರಿ 30ರ ಸಂಜೆ, ದೆಹಲಿಯ ಬಿರ್ಲಾ ಭವನದಲ್ಲಿ ಪ್ರಾರ್ಥನೆಗೆ ಸ್ವಲ್ಪ ತಡವಾಗಿತ್ತು. 78 ವರ್ಷದ ಗಾಂಧೀಜಿ ಮನು, ಆಭಾ ಇಬ್ಬರ ಹೆಗಲ ಮೇಲೆ ಕೈಯಿಟ್ಟು ಹುಲ್ಲುಹಾಸಿನ ಮೇಲೆ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದರು. ಗುಂಡು ತಗುಲಿದಾಗಲೂ ಅವರು ನಡೆಯುತ್ತಲೇ ಇದ್ದರು. ಬಿ.ಪಿ. ಇದ್ದೂ, ಅಷ್ಟು ಕಾಯಿಲೆ ಕಂಡೂ ಆ ವಯಸ್ಸಿನಲ್ಲಿ ತಮ್ಮ ಕಾಲ ಮೇಲೆ ತಾವು ನಡೆಯುತ್ತಿದ್ದುದರಲ್ಲಿ ಜೀವನಪೂರ್ತಿ ನಡೆದ ಅಭ್ಯಾಸದ ಪಾಲು ಖಂಡಿತ ಇದೆ.

ಗಾಂಧೀಜಿ ಬಹಳ ನಡೆದರು ಎಂಬುದು ನಿಜ. ನಡಿಗೆ ಮೈಗೂ ಮನಸ್ಸಿಗೂ ಒಳ್ಳೆಯದು ಎಂಬುದೂ ನಿಜ. ಅವರಿಗೆ ಕಾಯಿಲೆಯೇ ಬರಲಿಲ್ಲ ಎಂಬುದು ಸುಳ್ಳು. ಮಾತ್ರೆ ಬಿಸಾಕಿ ಎಂಬುದು ಅಪಾಯ. ತಂದೆಯ ಬಗ್ಗೆ ಬರೆದ ಆ ಓದುಗರಿಗೆ ನಾವು ಹೇಳಿದ್ದಿಷ್ಟು: ಅವರ ವಾಕಿಂಗ್ ನಿಲ್ಲಿಸಬೇಡಿ. ನಾಳೆ ಬೆಳಗ್ಗೆ ನೀವೂ ಜೊತೆಗೆ ಹೋಗಿ. ಬರುವ ದಾರಿಯಲ್ಲಿ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಬಿ.ಪಿ. ನೋಡಿಸಿ, ಮಾತ್ರೆಯ ಬಗ್ಗೆ ವೈದ್ಯರನ್ನೇ ಕೇಳಿ.

ಆ ಫಾರ್ವರ್ಡ್ ನಿಮ್ಮ ಗ್ರೂಪ್‌ಗೂ ಬಂದಿದ್ದರೆ, ಕಳಿಸಿದವರೊಂದಿಗೆ ಜಗಳ ಬೇಡ. ಇದನ್ನು ಅದರ ಕೆಳಗೇ ಹಾಕಿಬಿಡಿ.